ಬರ್ನ್‌ಹಾರ್ಡ್ ಲ್ಯಾಂಗರ್: ನಡುಗುವ ಕೈ, ನಿಲ್ಲದ ಆಟ

2025ರ ಏಪ್ರಿಲ್ 11. ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ನ್ಯಾಷನಲ್ ಮೈದಾನದ ಕೊನೆಯ ಗ್ರೀನ್‌ನಲ್ಲಿ 67 ವರ್ಷದ ಜರ್ಮನ್ ಆಟಗಾರರೊಬ್ಬರು ಚೆಂಡಿನ ಮುಂದೆ ನಿಂತಿದ್ದರು. ಮಾಸ್ಟರ್ಸ್ ಟೂರ್ನಿಯಲ್ಲಿ ಅದು ಅವರ 41ನೆಯ ಹಾಗೂ ಕೊನೆಯ ಪ್ರವೇಶ. ಆ ಒಂದು ಪಟ್ ಕುಳಿಗೆ ಬಿದ್ದಿದ್ದರೆ ಅವರು ಶನಿವಾರ, ಭಾನುವಾರಗಳಂದು ಆಡುವ ಅರ್ಹತೆ ಪಡೆಯುತ್ತಿದ್ದರು. ಮಾಸ್ಟರ್ಸ್‌ನಲ್ಲಿ ‘ಕಟ್’ ದಾಟಿದ ಅತ್ಯಂತ ಹಿರಿಯ ಆಟಗಾರ ಎಂಬ ದಾಖಲೆಯೂ ಅವರದಾಗುತ್ತಿತ್ತು. ಚೆಂಡು ಬೀಳಲಿಲ್ಲ. 74 ಮತ್ತು 73, ಒಟ್ಟು 147 ಹೊಡೆತಗಳು. ಒಂದೇ ಒಂದು ಹೊಡೆತದ ಅಂತರದಲ್ಲಿ ಬರ್ನ್‌ಹಾರ್ಡ್ ಲ್ಯಾಂಗರ್ ಆಗಸ್ಟಾದಿಂದ ನಿರ್ಗಮಿಸಿದರು.

ಮರುದಿನದ ವರದಿಗಳು ಬೀಳ್ಕೊಡುಗೆಯ ಭಾವುಕತೆಯನ್ನು ಧಾರಾಳವಾಗಿ ಬಣ್ಣಿಸಿದವು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು, ಕುಟುಂಬದವರು ಕಾದಿದ್ದು ಎಲ್ಲವೂ ನಿಜವೇ. ಆದರೆ ಆಟ ಇನ್ನೂ ಕೈಯಲ್ಲಿರುವಾಗಲೇ ಅವರು ಏಕೆ ಹೊರಡಬೇಕಾಯಿತು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು. ಮಾಸ್ಟರ್ಸ್ ಗೆದ್ದವರಿಗೆ ಅಲ್ಲಿಗೆ ಆಜೀವ ಆಹ್ವಾನವಿರುತ್ತದೆ. ಅವರನ್ನು ಯಾರೂ ಹೊರಗೆ ಕಳುಹಿಸಿರಲಿಲ್ಲ. ತಮಗೆ ಈ ಮೈದಾನ ತೀರಾ ಉದ್ದವಾಗಿಬಿಟ್ಟಿದೆ ಎಂಬುದು ಸ್ವತಃ ಲ್ಯಾಂಗರ್ ನೀಡಿದ ಕಾರಣ. ಅದು ವಯಸ್ಸಾದ ಕಲಿಯ ಗೊಣಗಾಟವೇ, ಅಥವಾ ಇಡೀ ಗಾಲ್ಫ್ ಆಟದ ಮೇಲಿನ ದೂರೇ ಎಂಬುದನ್ನು ತಿಳಿಯಲು ಅವರ ಐದು ದಶಕಗಳ ವೃತ್ತಿಯನ್ನೊಮ್ಮೆ ಹಿಂದಿರುಗಿ ನೋಡಬೇಕು.

ಲ್ಯಾಂಗರ್ ಹುಟ್ಟಿದ್ದು 1957ರ ಆಗಸ್ಟ್ 27ರಂದು, ಬವೇರಿಯಾದ ಆನ್‌ಹೌಸೆನ್ ಎಂಬ ಹಳ್ಳಿಯಲ್ಲಿ. ತಂದೆ ಇಟ್ಟಿಗೆ ಕಟ್ಟುವ ಗಾರೆ ಕೆಲಸದವರು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೈಬೀರಿಯಾದತ್ತ ಹೊರಟಿದ್ದ ಯುದ್ಧಕೈದಿಗಳ ರೈಲಿನಿಂದ ಹಾರಿ ಬದುಕುಳಿದವರು. ಗಾಲ್ಫ್ ಎಂದರೇನೆಂದು ಅಂದಿನ ಜರ್ಮನಿಯಲ್ಲಿ ಬಹುತೇಕರಿಗೆ ಗೊತ್ತಿರಲಿಲ್ಲ. ಬಾಲಕ ಬರ್ನ್‌ಹಾರ್ಡ್ ಆಗ್ಸ್‌ಬರ್ಗ್‌ನ ಕ್ಲಬ್ಬಿಗೆ ಹೋದದ್ದು ಆಡಲಿಕ್ಕಲ್ಲ, ಅನ್ಯರ ಚೀಲ ಹೊತ್ತು ನಾಲ್ಕು ಕಾಸು ಸಂಪಾದಿಸಲಿಕ್ಕೆ. 1972ರಲ್ಲಿ, ಹದಿನೈದರ ಹರೆಯದಲ್ಲಿ, ಆತ ವೃತ್ತಿಪರನಾದ.

ಕಾಕತಾಳೀಯವೆಂದರೆ, ಯೂರೋಪಿನ ಗಾಲ್ಫ್‌ಗೆ ಹೊಸ ಜೀವ ತುಂಬಿದ ಐವರೂ ಒಂದೇ ವರ್ಷದೊಳಗೆ ಜನಿಸಿದವರು. ಸ್ಪೇನ್‌ನ ಸೆವೆ ಬಾಲೆಸ್ಟೆರೋಸ್, ಇಂಗ್ಲೆಂಡ್‌ನ ನಿಕ್ ಫಾಲ್ಡೊ, ಸ್ಕಾಟ್ಲೆಂಡ್‌ನ ಸ್ಯಾಂಡಿ ಲೈಲ್, ವೇಲ್ಸ್‌ನ ಇಯಾನ್ ವೂಸ್ನಮ್ ಮತ್ತು ಲ್ಯಾಂಗರ್. ಫಾಲ್ಡೊ ಆರು ಹಾಗೂ ಬಾಲೆಸ್ಟೆರೋಸ್ ಐದು ಪ್ರಮುಖ ಪ್ರಶಸ್ತಿಗಳನ್ನು ಗೆದ್ದರೆ ಲ್ಯಾಂಗರ್ ಪಾಲಿಗೆ ಬಂದದ್ದು ಎರಡೇ, 1985 ಮತ್ತು 1993ರ ಮಾಸ್ಟರ್ಸ್. 1986ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಅಧಿಕೃತ ವಿಶ್ವ ಕ್ರಮಾಂಕ ಪಟ್ಟಿ ಪ್ರಕಟವಾದಾಗ ಅಗ್ರಸ್ಥಾನದಲ್ಲಿದ್ದ ಹೆಸರು ಇವರದೇ ಎಂಬುದು ನಿಜ. ಆದರೂ ಪ್ರತಿಭೆಯ ತಕ್ಕಡಿಯಲ್ಲಿ ತೂಗಿದರೆ ಐವರಲ್ಲಿ ಇವರನ್ನು ಮೊದಲಿಗರೆಂದು ಯಾರೂ ಹೇಳಿರಲಾರರು. ಉಳಿದ ನಾಲ್ವರ ಹೆಸರು ವಿಜೇತರ ಪಟ್ಟಿಯಿಂದ ಮರೆಯಾದ ಎಷ್ಟೋ ವರ್ಷಗಳ ನಂತರವೂ ಲ್ಯಾಂಗರ್ ಗೆಲ್ಲುತ್ತಲೇ ಇದ್ದರು.

ಇದಕ್ಕೆ ಶಿಸ್ತು, ವ್ಯಾಯಾಮ, ದೈವಭಕ್ತಿ ಎಂಬ ಸಿದ್ಧ ವಿವರಣೆಗಳಿವೆ. ಅವು ಸುಳ್ಳಲ್ಲ, ಆದರೆ ಸಾಲವು. ಲ್ಯಾಂಗರ್ ಅವರ ವೃತ್ತಿಯ ತಿರುಳು ಅವರ ದೌರ್ಬಲ್ಯದಲ್ಲಿದೆ. ಗಾಲ್ಫ್‌ನಲ್ಲಿ ‘ಯಿಪ್ಸ್’ ಎಂಬ ವ್ಯಾಧಿಯೊಂದಿದೆ. ಮುನ್ನೂರು ಗಜ ದೂರಕ್ಕೆ ಚೆಂಡನ್ನು ಬಡಿಯಬಲ್ಲ ಕೈ, ಮೂರಡಿ ದೂರದ ಕುಳಿಗೆ ಅದನ್ನು ಮೆಲ್ಲನೆ ತಳ್ಳುವ ಹೊತ್ತಿಗೆ ತಾನಾಗಿ ನಡುಗಿ ಎಳೆದುಕೊಳ್ಳುತ್ತದೆ. ಬುದ್ಧಿಗೆ ಎಲ್ಲವೂ ಗೊತ್ತು. ಬೆರಳುಗಳು ಮಾತು ಕೇಳುವುದಿಲ್ಲ. ಈ ಕಾಯಿಲೆಗೆ ತುತ್ತಾದ ಎಷ್ಟೋ ಘಟಾನುಘಟಿಗಳು ಆಟವನ್ನೇ ಬಿಟ್ಟಿದ್ದಾರೆ. ಲ್ಯಾಂಗರ್‌ಗೆ ಅದು ಅಂಟಿದ್ದು ಇಪ್ಪತ್ತರ ಆಸುಪಾಸಿನಲ್ಲೇ. ಒಮ್ಮೆಯಲ್ಲ, ವಾಸಿಯಾಯಿತೆನ್ನುವಾಗಲೆಲ್ಲ ಮರಳಿ ಬಂದಿತು.

ಪ್ರತಿ ಬಾರಿಯೂ ಅವರು ಹಿಡಿತ ಬದಲಿಸಿದರು. ಮೊದಲು ಎಡಗೈಯನ್ನು ಬಲಗೈಗಿಂತ ಕೆಳಗಿಟ್ಟು ಆಡಿದರು. ಅದೂ ಕೈಕೊಟ್ಟಾಗ ಪಟರ್‌ನ ಹಿಡಿಯನ್ನು ಎಡ ಮುಂಗೈಗೆ ಒತ್ತಿ, ಬಲಗೈಯಿಂದ ಎರಡನ್ನೂ ಒಟ್ಟಿಗೆ ಬಿಗಿಹಿಡಿದು ತಳ್ಳುವ ವಿಚಿತ್ರ ಕ್ರಮವೊಂದನ್ನು ತಾವೇ ರೂಪಿಸಿಕೊಂಡರು. ಮುರಿದ ಕೈಗೆ ದಬ್ಬೆ ಕಟ್ಟಿದಂತೆ ಕಾಣುತ್ತಿದ್ದ ಆ ಭಂಗಿಯಲ್ಲಿಯೇ ಅವರು 1993ರ ಮಾಸ್ಟರ್ಸ್ ಗೆದ್ದದ್ದು, ಅದೂ ನಾಲ್ಕು ಹೊಡೆತಗಳ ಅಂತರದಿಂದ. ತೊಂಬತ್ತರ ದಶಕದ ದ್ವಿತೀಯಾರ್ಧದಲ್ಲಿ ಎದೆಯೆತ್ತರದ ಉದ್ದ ಪಟರ್‌ಗೆ ಹೊರಳಿದರು. ನೋಡಲು ಚೆಂದವಿಲ್ಲ ಎಂದು ಬೇರೆಯವರು ಸಂಕೋಚಪಡುವಲ್ಲಿ ಅವರಿಗೆ ಮುಖ್ಯವಾಗಿದ್ದುದು ಚೆಂಡು ಕುಳಿಗೆ ಬೀಳುವುದು ಮಾತ್ರ. 1981ರಲ್ಲಿ ಇಂಗ್ಲೆಂಡಿನ ಫುಲ್‌ಫೋರ್ಡ್‌ನಲ್ಲಿ ಚೆಂಡು ಮರದ ಕವಲಲ್ಲಿ ಸಿಕ್ಕಿಕೊಂಡಾಗ ದಂಡದ ಹೊಡೆತ ಒಪ್ಪಿಕೊಳ್ಳದೆ ಮರವೇರಿ ಅಲ್ಲಿಂದಲೇ ಗ್ರೀನ್‌ಗೆ ಹೊಡೆದವರಲ್ಲವೇ!

ಯೂರೋಪ್ ಮತ್ತು ಅಮೆರಿಕ ತಂಡಗಳ ನಡುವಣ ರೈಡರ್ ಕಪ್‌ನಲ್ಲಿ 1991ರಲ್ಲಿ ನಡೆದದ್ದನ್ನು ಗಾಲ್ಫ್ ಬಲ್ಲವರು ಇಂದಿಗೂ ಮರೆತಿಲ್ಲ. ದಕ್ಷಿಣ ಕೆರೊಲಿನಾದ ಕಿಯಾವಾ ದ್ವೀಪದಲ್ಲಿ ಮೂರು ದಿನಗಳ ಹಣಾಹಣಿ ಕೊನೆಯ ಪಂದ್ಯದ ಕೊನೆಯ ಕುಳಿಗೆ ಬಂದು ನಿಂತಿತ್ತು. ಲ್ಯಾಂಗರ್ ಎದುರಾಳಿ ಹೇಲ್ ಅರ್ವಿನ್. ಆರಡಿಯ ಪಟ್ ಬಿದ್ದರೆ ಕಪ್ ಯೂರೋಪಿನಲ್ಲೇ ಉಳಿಯುತ್ತಿತ್ತು. ಬೀಳಲಿಲ್ಲ, ಅಮೆರಿಕ ಹದಿನಾಲ್ಕೂವರೆ–ಹದಿಮೂರೂವರೆ ಅಂಕಗಳಿಂದ ಗೆದ್ದಿತು. ಕೈನಡುಕದ ಚರಿತ್ರೆಯಿದ್ದವನಿಗೆ ಇದಕ್ಕಿಂತ ಕ್ರೂರ ಪರೀಕ್ಷೆ ಇರಲಾರದು. ಮರುವಾರವೇ ಸ್ಟುಟ್‌ಗಾರ್ಟ್‌ನ ಜರ್ಮನ್ ಮಾಸ್ಟರ್ಸ್‌ನ ಕೊನೆಯ ಕುಳಿಯಲ್ಲಿ, ಪ್ಲೇ-ಆಫ್‌ಗೆ ಅರ್ಹರಾಗಲು ಅವರ ಮುಂದೆ ಹದಿನೈದು ಅಡಿಯ ಪಟ್ ಇತ್ತು. ಅದನ್ನು ಹಾಕಿದರು, ಟೂರ್ನಿಯನ್ನೂ ಗೆದ್ದರು. 2004ರಲ್ಲಿ ಅದೇ ರೈಡರ್ ಕಪ್‌ಗೆ ನಾಯಕರಾಗಿ ಅಮೆರಿಕವನ್ನು ಅದರ ನೆಲದಲ್ಲೇ ಹದಿನೆಂಟೂವರೆ–ಒಂಬತ್ತೂವರೆಯಿಂದ ಸದೆಬಡಿದರು.

ಐವತ್ತು ತುಂಬಿದವರಿಗಾಗಿ ಅಮೆರಿಕದಲ್ಲಿ 1980ರಿಂದ ಪ್ರತ್ಯೇಕ ಹಿರಿಯರ ಟೂರ್ ಇದೆ. ಲ್ಯಾಂಗರ್ 2007ರಲ್ಲಿ ಅದನ್ನು ಸೇರಿ ಅದೇ ವರ್ಷ ಗೆದ್ದರು. 2024ರವರೆಗಿನ 18 ಋತುಗಳಲ್ಲಿ ಒಂದರಲ್ಲೂ ಬರಿಗೈಯಲ್ಲಿ ಮರಳಲಿಲ್ಲ. 45 ಗೆಲುವುಗಳ ದಾಖಲೆ ಬಹುಕಾಲ ಅದೇ ಹೇಲ್ ಅರ್ವಿನ್ ಹೆಸರಿನಲ್ಲಿತ್ತು. 2023ರ ಜುಲೈನಲ್ಲಿ ವಿಸ್ಕಾನ್ಸಿನ್‌ನಲ್ಲಿ ನಡೆದ ಅಮೆರಿಕದ ಹಿರಿಯರ ಓಪನ್ ಗೆದ್ದು, 65ರ ವಯಸ್ಸಿನಲ್ಲಿ ಲ್ಯಾಂಗರ್ ಅದನ್ನು ಮುರಿದರು. 2024ರ ಫೆಬ್ರವರಿಯಲ್ಲಿ ಪಿಕಲ್‌ಬಾಲ್ ಆಡುತ್ತಿದ್ದಾಗ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಇನ್ನು ಮುಗಿಯಿತೆಂದು ಎಲ್ಲರೂ ಭಾವಿಸಿದರು. ಅದೇ ನವೆಂಬರ್‌ನಲ್ಲಿ ಫೀನಿಕ್ಸ್‌ನಲ್ಲಿ ಕೊನೆಯ ಕುಳಿಗೆ ಮೂವತ್ತಡಿಯ ಪಟ್ ಹಾಕಿ 47ನೆಯ ಪ್ರಶಸ್ತಿ ಎತ್ತಿದರು.

ಹಿರಿಯರ ಟೂರ್‌ನ ದಾಖಲೆಗಳಿಗೆ ಅಷ್ಟೊಂದು ಬೆಲೆ ಏಕೆ ಎಂದು ಕೇಳುವವರಿದ್ದಾರೆ. ಅಲ್ಲಿ ಹೆಚ್ಚಿನ ಟೂರ್ನಿಗಳು ಮೂರೇ ದಿನದವು, ‘ಕಟ್’ನ ಭಯವಿಲ್ಲ, ಮೈದಾನಗಳೂ ಗಿಡ್ಡ. ಆಕ್ಷೇಪ ನ್ಯಾಯವಾದದ್ದೇ. ಆದರೆ ಪ್ರತಿ ವರ್ಷವೂ ಐವತ್ತಕ್ಕೆ ಕಾಲಿಟ್ಟ ಹೊಸಬರು ಅಲ್ಲಿಗೆ ಬರುತ್ತಾರೆ ಎಂಬುದನ್ನೂ ನೆನೆಯಬೇಕು. ಅರವತ್ತೇಳರವರು ಐವತ್ತರವರೊಡನೆ ಸೆಣಸಿ ಗೆಲ್ಲುವುದೆಂದರೆ ನಲವತ್ತೆರಡರ ಕ್ರಿಕೆಟಿಗ ಇಪ್ಪತ್ತೈದರವರ ನಡುವೆ ಶತಕ ಬಾರಿಸಿದಂತೆ.

ಈಗ ನಿಯಮಗಳ ವಿಚಾರಕ್ಕೆ ಬರೋಣ. ಪಟರ್‌ನ ತುದಿಯನ್ನು ಎದೆಗೋ ಹೊಟ್ಟೆಗೋ ಆನಿಸಿ ಹೊಡೆಯುವ ಕ್ರಮವನ್ನು ಗಾಲ್ಫ್‌ನ ನಿಯಮ ರೂಪಿಸುವ ಎರಡು ಸಂಸ್ಥೆಗಳು, ಅಮೆರಿಕದ ಯುಎಸ್‌ಜಿಎ ಹಾಗೂ ಬ್ರಿಟನ್ನಿನ ಆರ್ ಅಂಡ್ ಎ, 2016ರ ಜನವರಿಯಿಂದ ನಿಷೇಧಿಸಿದವು. ಉದ್ದ ಪಟರ್‌ಗಳು ಬಳಕೆಗೆ ಬಂದು ಆ ವೇಳೆಗೆ ಎರಡು ದಶಕಗಳೇ ಮೀರಿದ್ದವು. ಕೈನಡುಗುವ ಮಧ್ಯವಯಸ್ಕರ ಊರುಗೋಲಾಗಿದ್ದಷ್ಟು ಕಾಲ ಅದು ಯಾರ ಕಣ್ಣನ್ನೂ ಚುಚ್ಚಲಿಲ್ಲ. 2011ರಲ್ಲಿ ಕೀಗನ್ ಬ್ರಾಡ್ಲಿ, 2012ರಲ್ಲಿ ವೆಬ್ ಸಿಂಪ್ಸನ್ ಮತ್ತು ಎರ್ನಿ ಎಲ್ಸ್ ಹೀಗೆ ಆಡಿ ಪ್ರಮುಖ ಪ್ರಶಸ್ತಿಗಳನ್ನು ಗೆಲ್ಲುತ್ತಿದ್ದಂತೆ ಸಂಪ್ರದಾಯ ನೆನಪಾಯಿತು. 2012ರ ನವೆಂಬರ್‌ನಲ್ಲಿ ಪ್ರಸ್ತಾವ, 2013ರ ಮೇ ತಿಂಗಳಲ್ಲಿ ತೀರ್ಮಾನ. ಲ್ಯಾಂಗರ್ ಉದ್ದ ಪಟರ್ ಬಿಡಲಿಲ್ಲ. ಕೈಯನ್ನು ಎದೆಯಿಂದ ದೂರ ಸರಿಸಿಕೊಂಡರು. ನಿಜಕ್ಕೂ ಸರಿಸಿದ್ದಾರೆಯೇ ಎಂದು 2017ರಲ್ಲಿ ಗುಸುಗುಸು ಎದ್ದಾಗ, ನಿಯಮಭಂಗಕ್ಕೆ ಪುರಾವೆಯಿಲ್ಲವೆಂದು ಯುಎಸ್‌ಜಿಎ ಸ್ಪಷ್ಟಪಡಿಸಿತು. ಆ ವರ್ಷ ಅವರು ಹಿರಿಯರ ಮೂರು ಪ್ರಮುಖ ಟೂರ್ನಿಗಳನ್ನು ಗೆದ್ದರು.

ಇದನ್ನು ಹೊಡೆತದ ದೂರದ ಪ್ರಶ್ನೆಯೊಡನೆ ಹೋಲಿಸಿ ನೋಡಿದರೆ ಸಂಸ್ಥೆಗಳ ನ್ಯಾಯನಿಷ್ಠೆಯ ಬಗ್ಗೆ ಸಂದೇಹ ಮೂಡದಿರದು. ದೂರ ಇನ್ನೂ ಗಣನೀಯವಾಗಿ ಹೆಚ್ಚುವುದು ಅನಪೇಕ್ಷಿತ ಎಂದು ಇವೇ ಎರಡು ಸಂಸ್ಥೆಗಳು ಜಂಟಿ ಹೇಳಿಕೆ ನೀಡಿದ್ದು 2002ರಲ್ಲಿ. ಚೆಂಡಿನ ಪರೀಕ್ಷಾ ಮಾನದಂಡ ಬಿಗಿಗೊಳಿಸಿ, ಅತ್ಯಂತ ದೂರ ಹೊಡೆಯುವವರ ಹೊಡೆತವನ್ನು 13ರಿಂದ 15 ಗಜದಷ್ಟು ತಗ್ಗಿಸುವ ನಿರ್ಧಾರ ಹೊರಬಿದ್ದದ್ದು 2023ರ ಡಿಸೆಂಬರ್‌ನಲ್ಲಿ. ಪಟರ್‌ಗೆ ಎರಡು ವರ್ಷ, ಚೆಂಡಿಗೆ ಇಪ್ಪತ್ತೊಂದು! ದೂರದ ಹಿಂದೆ ಚೆಂಡು, ಕ್ಲಬ್ ತಯಾರಕರ ಮಾರುಕಟ್ಟೆಯಿದೆ, ಪ್ರೇಕ್ಷಕರ ‘ಆಹಾ’ಕಾರವಿದೆ. ನಡುಗುವ ಕೈಗಳಿಗೆ ಅಂಥ ವಕೀಲರಿರಲಿಲ್ಲ.

ಈ ಮಧ್ಯೆ ಮೈದಾನಗಳು ಬೆಳೆದವು. ಲ್ಯಾಂಗರ್ ಮೊದಲು ಗೆದ್ದಾಗ ಆಗಸ್ಟಾದ ಉದ್ದ ಏಳು ಸಾವಿರ ಗಜದ ಒಳಗಿತ್ತು. ಅವರು ವಿದಾಯ ಹೇಳಿದ 2025ರಲ್ಲಿ 7,555 ಗಜ. 1993ರ ಕೊನೆಯ ದಿನ ಅವರು ಎರಡೇ ಹೊಡೆತದಲ್ಲಿ ಗ್ರೀನ್ ತಲುಪಿ, ಈಗಲ್ ಗಳಿಸಿ ಪ್ರಶಸ್ತಿಯನ್ನು ಬಹುತೇಕ ಖಚಿತಪಡಿಸಿಕೊಂಡದ್ದು 13ನೆಯ ಕುಳಿಯಲ್ಲಿ. ಅದನ್ನು 545 ಗಜಕ್ಕೆ ಹಿಗ್ಗಿಸಲು ಪಕ್ಕದ ಕ್ಲಬ್ಬಿನ ಜಮೀನನ್ನೇ ಕೊಳ್ಳಬೇಕಾಯಿತು. ದುಡ್ಡಿರುವ ಆಗಸ್ಟಾಕ್ಕೆ ಇದು ಸಾಧ್ಯ. ನೆಲವೂ ನೀರೂ ದುಬಾರಿಯಾಗಿರುವ ಉಳಿದ ಊರುಗಳ ಪಾಡೇನು?

ದೂರವೇ ಎಲ್ಲವೂ ಅಲ್ಲ ಎಂಬುದಕ್ಕೂ ಇದೇ ಆಗಸ್ಟಾದಲ್ಲಿ ಸಾಕ್ಷಿಯಿದೆ. ಕೋವಿಡ್ ಕಾರಣ 2020ರ ಮಾಸ್ಟರ್ಸ್ ನವೆಂಬರ್‌ಗೆ ಮುಂದೂಡಲ್ಪಟ್ಟಿತ್ತು. ಎರಡು ತಿಂಗಳ ಹಿಂದಷ್ಟೇ ಅಮೆರಿಕ ಓಪನ್ ಗೆದ್ದಿದ್ದ 27ರ ಬ್ರೈಸನ್ ಡಿಶಾಂಬೊ, ಮೈ ಬೆಳೆಸಿಕೊಂಡು ಮೈದಾನವನ್ನೇ ಬಲದಿಂದ ಮಣಿಸುವ ಹುಮ್ಮಸ್ಸಿನಲ್ಲಿದ್ದರು. ಭಾನುವಾರ ಅವರ ಜೊತೆಗಾರರಾಗಿ ಕಣಕ್ಕಿಳಿದದ್ದು 63ರ ಲ್ಯಾಂಗರ್. ಪ್ರತಿ ಕುಳಿಯಲ್ಲೂ ಹಿರಿಯರ ಚೆಂಡು ಕಿರಿಯರದಕ್ಕಿಂತ ಬಹಳ ಹಿಂದೆ ಬೀಳುತ್ತಿತ್ತು. ಮೊದಲು ಆಡುವ ಸರದಿ ಯಾವಾಗಲೂ ಅವರದೇ. ದಿನದ ಕೊನೆಗೆ ಲ್ಯಾಂಗರ್ 71, ಡಿಶಾಂಬೊ 73. ನಾಲ್ಕು ದಿನಗಳ ಒಟ್ಟು ಲೆಕ್ಕದಲ್ಲೂ ಹಿರಿಯರೇ ಒಂದು ಹೊಡೆತ ಮುಂದಿದ್ದರು.

ಅದಾದ ನಾಲ್ಕೂವರೆ ವರ್ಷಗಳಲ್ಲಿ ಆ ಮೈದಾನ ಇನ್ನಷ್ಟು ಹಿಗ್ಗಿತು, ಲ್ಯಾಂಗರ್ ಹೊಡೆತ ಇನ್ನಷ್ಟು ಕುಗ್ಗಿತು. ಅಂತರ ಆಗಲೂ ಒಂದೇ ಹೊಡೆತ, ಆದರೆ ಈ ಬಾರಿ ಅದು ಅವರಿಗೆ ವಿರುದ್ಧವಾಗಿತ್ತು. ವೃತ್ತಿಪರರಿಗೆ ಹೊಸ ಚೆಂಡಿನ ನಿಯಮ ಜಾರಿಯಾಗಲು ಘೋಷಣೆಯ ವೇಳೆ ಗೊತ್ತುಪಡಿಸಿದ ವರ್ಷ 2028. ಆ ಜನವರಿಗೆ ಲ್ಯಾಂಗರ್‌ಗೆ ಎಪ್ಪತ್ತು ತುಂಬಿರುತ್ತದೆ.