ಕಾರ್ಡ್ ಉಜ್ಜಿದರೆ ಶೇ 2 ಎಕ್ಸ್‌ಟ್ರಾ: ಅಂಗಡಿಯವರು ಕೇಳಬಹುದಾ, ಗಿರಾಕಿ ಕೊಡಬೇಕಾ?

ಮೊಬೈಲ್ ಅಂಗಡಿ, ಮಿಕ್ಸಿ-ಫ್ರಿಜ್ ಅಂಗಡಿ, ಚಿನ್ನದ ಅಂಗಡಿಗೆ ಹೋಗಿ ಬಂದವರಿಗೆ ಈ ಮಾತು ಹೊಸದಲ್ಲ. ರೇಟ್ ಕೇಳಿ, ಚೌಕಾಸಿ ಮುಗಿಸಿ, ಜೇಬಿನಿಂದ ಕ್ರೆಡಿಟ್ ಕಾರ್ಡ್ ತೆಗೆದ ಕೂಡಲೇ ಗಲ್ಲಾದಲ್ಲಿ ಕೂತವರು ಹೇಳುತ್ತಾರೆ: ‘ಅಣ್ಣಾ, ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಎಕ್ಸ್‌ಟ್ರಾ ಆಗುತ್ತೆ’. ಕೆಲವರು ಸುಮ್ಮನೆ ಕೊಟ್ಟು ಬರುತ್ತಾರೆ. ಕೆಲವರು ಎಟಿಎಂ ಹುಡುಕಿಕೊಂಡು ಹೋಗುತ್ತಾರೆ. ಕೆಲವರು ಜಗಳಕ್ಕೇ ನಿಲ್ಲುತ್ತಾರೆ. ಆದರೆ ಇದು ಕಾನೂನು ಪ್ರಕಾರ ಸರೀನಾ ತಪ್ಪಾ ಅನ್ನೋದು ಕೌಂಟರ್‌ನ ಆ ಕಡೆಯವರಿಗೂ ಗೊತ್ತಿಲ್ಲ, ಈ ಕಡೆಯವರಿಗೂ ಗೊತ್ತಿಲ್ಲ.

ಮೊದಲು ಅಂಗಡಿಯವರ ಲೆಕ್ಕ ನೋಡೋಣ, ಯಾಕಂದ್ರೆ ಅವರ ಸಂಕಟ ಸುಳ್ಳಲ್ಲ. 20,000 ರೂಪಾಯಿಯ ಮೊಬೈಲ್‌ಗೆ ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯ ಖಾತೆಗೆ 20,000 ಬರುವುದಿಲ್ಲ. ಸ್ವೈಪಿಂಗ್ ಮಷಿನ್ ಕೊಟ್ಟ ಬ್ಯಾಂಕ್ ತನ್ನ ಕಮಿಷನ್ ಹಿಡಿದುಕೊಳ್ಳುತ್ತದೆ. ಇದಕ್ಕೆ ಎಂಡಿಆರ್ ಅಂತ ಹೆಸರು. ಶೇ 2 ಅಂತ ಇಟ್ಟುಕೊಂಡರೆ 400 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ 72 ರೂಪಾಯಿ, ಒಟ್ಟು 472. ಮೊಬೈಲ್ ವ್ಯಾಪಾರದಲ್ಲಿ ಒಂದು ಸೆಟ್ಟಿಗೆ ಎಷ್ಟು ಉಳಿಯುತ್ತದೆ ಅಂತ ಗೊತ್ತಿದ್ದವರಿಗೆ ಈ 472ರ ಬೆಲೆ ಗೊತ್ತು. ಗಿರಾಕಿಗೆ ಸಿಗುವ ರಿವಾರ್ಡ್ ಪಾಯಿಂಟ್, ಕ್ಯಾಶ್‌ಬ್ಯಾಕ್ ಎಲ್ಲ ಎಲ್ಲಿಂದ ಬರುತ್ತದೆ? ಬಹುಪಾಲು ಇದೇ ಕಮಿಷನ್‌ನಿಂದ. ಬ್ಯಾಂಕ್ ಹೆಸರು ಮಾಡಿಕೊಳ್ಳುತ್ತದೆ, ದುಡ್ಡು ಅಂಗಡಿಯದ್ದು.

ಆದರೆ ಸಂಕಟ ಇದೆ ಅಂತ ಅದನ್ನು ಬಿಲ್‌ನ ಮೇಲೆ ಹಾಕಲು ಆಗುತ್ತದಾ?

ಡೆಬಿಟ್ ಕಾರ್ಡ್ ಆದರೆ ಆಗುವುದಿಲ್ಲ. ಡೆಬಿಟ್ ಕಾರ್ಡ್ ಗಿರಾಕಿಯಿಂದ ಇಂತಿಷ್ಟು ಪರ್ಸೆಂಟ್ ಅಂತ ವಸೂಲಿ ಮಾಡುವುದು ಸಮರ್ಥನೀಯ ಅಲ್ಲ, ಹಾಗೆ ಮಾಡುವ ಅಂಗಡಿಯ ಜೊತೆ ಸಂಬಂಧ ಕಡಿದುಕೊಳ್ಳಬೇಕು ಅಂತ ಆರ್‌ಬಿಐ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಹೇಳಿದೆ. 2017ರ ಡಿಸೆಂಬರ್ ಸುತ್ತೋಲೆಯಲ್ಲಿ ಮತ್ತೆ ಅದೇ ಮಾತು: ಎಂಡಿಆರ್ ಅನ್ನು ಗಿರಾಕಿಗೆ ದಾಟಿಸದಂತೆ ಬ್ಯಾಂಕ್ ನೋಡಿಕೊಳ್ಳಬೇಕು. ಅದೇ ಸುತ್ತೋಲೆ ಅಂಗಡಿಯವರ ಪರವಾಗಿ ಮಿತಿಯನ್ನೂ ಹಾಕಿತು. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟು ಇರುವ ಸಣ್ಣ ಅಂಗಡಿಗೆ ಮಷಿನ್‌ನಲ್ಲಿ ಶೇ 0.40 ಮಾತ್ರ, ಒಂದು ವ್ಯವಹಾರಕ್ಕೆ 200 ರೂಪಾಯಿ ದಾಟುವಂತಿಲ್ಲ. ದೊಡ್ಡವರಿಗೆ ಶೇ 0.90, ಮಿತಿ 1,000 ರೂಪಾಯಿ. 2020ರ ಜನವರಿಯಿಂದ ರುಪೇ ಡೆಬಿಟ್ ಕಾರ್ಡಿಗೆ, ಯುಪಿಐಗೆ ಎಂಡಿಆರ್ ಸೊನ್ನೆ. ಅಂದರೆ ಬ್ಯಾಂಕ್ ಖಾತೆಯಿಂದ ಫೋನ್‌ಪೇ ಮಾಡಿದ್ದಕ್ಕೆ, ರುಪೇ ಡೆಬಿಟ್ ಕಾರ್ಡ್ ಉಜ್ಜಿದ್ದಕ್ಕೆ ‘ಎಕ್ಸ್‌ಟ್ರಾ’ ಕೇಳಿದರೆ ಆ ದುಡ್ಡು ಯಾವ ಬ್ಯಾಂಕಿಗೂ ಹೋಗುವುದಿಲ್ಲ, ನೇರ ಗಲ್ಲಾಕ್ಕೆ.

ಗೊಂದಲ ಇರುವುದು ಕ್ರೆಡಿಟ್ ಕಾರ್ಡಿನಲ್ಲಿ. ಮೇಲಿನ ಎರಡೂ ಸುತ್ತೋಲೆ ಹೆಸರಿಸುವುದು ಡೆಬಿಟ್ ಕಾರ್ಡನ್ನು. ಕ್ರೆಡಿಟ್ ಕಾರ್ಡ್ ಎಂಡಿಆರ್‌ಗೆ ಆರ್‌ಬಿಐ ಮಿತಿಯೂ ಹಾಕಿಲ್ಲ. ಅದನ್ನೇ ಹಿಡಿದುಕೊಂಡು ‘ಕ್ರೆಡಿಟ್ ಕಾರ್ಡಿಗೆ ಕೇಳಬಹುದು’ ಅಂತ ಪೇಟೆಯಲ್ಲಿ ಒಂದು ಮಾತು ಓಡಾಡುತ್ತದೆ. ಅಷ್ಟು ಸುಲಭ ಅಲ್ಲ. ಮಷಿನ್ ತಗೊಳ್ಳುವಾಗ ಅಂಗಡಿಯವರು ಓದದೇ ಸಹಿ ಹಾಕಿದ ಒಂದು ಕರಾರು ಇರುತ್ತದೆ. ಕಾರ್ಡ್ ಕೊಟ್ಟವರಿಗೆ ನಗದು ಗಿರಾಕಿಗಿಂತ ಹೆಚ್ಚು ಬೆಲೆ ಹಾಕಬಾರದು ಅನ್ನೋ ಷರತ್ತು ಇಂಥ ಕರಾರುಗಳಲ್ಲಿ ಸಾಮಾನ್ಯ. ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳೂ ಅದೇ ದಾರಿಯವು. ಇದನ್ನು ಮುರಿದರೆ ಪೊಲೀಸ್ ಬರುವುದಿಲ್ಲ, ಆದರೆ ಗಿರಾಕಿ ದೂರು ಕೊಟ್ಟರೆ ಬ್ಯಾಂಕ್ ಮಷಿನ್ ವಾಪಸ್ ತಗೊಳ್ಳಬಹುದು. ಮಷಿನ್ ಮೇಲೆ ಅಂಟಿಸಿದ ಸ್ಟಿಕ್ಕರ್ ಬಿಟ್ಟು ಬೇರೇನೂ ನೋಡದವರು ಆ ಕರಾರಿನ ಒಂದು ಪ್ರತಿ ಬ್ಯಾಂಕ್‌ನಿಂದ ಕೇಳಿ ಪಡೆಯುವುದು ಒಳ್ಳೆಯದು.

ಎಂಆರ್‌ಪಿ ಇದ್ದರೆ ಕಥೆ ಮುಗೀತು

ಕರಾರು ಹೇಗಾದರೂ ಇರಲಿ, ಡಬ್ಬದ ಮೇಲೆ ಎಂಆರ್‌ಪಿ ಮುದ್ರಿಸಿದ ಮಾಲನ್ನು ಅದಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. 2011ರ ಪೊಟ್ಟಣ ಸಾಮಗ್ರಿ ನಿಯಮ ಇದನ್ನು ಹೇಳುತ್ತದೆ, ನೋಡಿಕೊಳ್ಳುವುದು ಕಾನೂನು ಮಾಪನಶಾಸ್ತ್ರ ಇಲಾಖೆ, ಅಂದರೆ ತಕ್ಕಡಿ-ತೂಕಕ್ಕೆ ಸೀಲ್ ಹಾಕುವವರೇ. ಎಂಆರ್‌ಪಿಗೇ ಮಾರಿ, ಮೇಲೆ ಶೇ 2 ಹಾಕಿದರೆ ಅದು ಎಂಆರ್‌ಪಿ ಮೀರಿದ ಬೆಲೆ. ‘ಕಾರ್ಡ್ ಚಾರ್ಜ್’ ಅಂತ ಬೇರೆ ಹೆಸರಿಟ್ಟರೂ ಗಿರಾಕಿ ಜೇಬಿನಿಂದ ಹೋದ ಮೊತ್ತ ಎಷ್ಟು ಅನ್ನೋದೇ ಪ್ರಶ್ನೆ.

ಇನ್ನೊಂದು ಸಿಕ್ಕು ಜಿಎಸ್‌ಟಿಯದ್ದು, ಇದನ್ನು ಹೆಚ್ಚಿನವರು ಯೋಚಿಸಿಯೇ ಇಲ್ಲ. ಮಾಲಿನ ಜೊತೆ ಗಿರಾಕಿಯಿಂದ ಪಡೆದ ಇಂಥ ಖರ್ಚೂ ಮಾಲಿನ ಮೌಲ್ಯಕ್ಕೇ ಸೇರುತ್ತದೆ ಅಂತ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 15 ಹೇಳುತ್ತದೆ. ಅಂದರೆ ಮೊಬೈಲ್ ಮೇಲೆ ಪಡೆದ ಆ 400ಕ್ಕೂ ಶೇ 18 ತೆರಿಗೆ. 400ರ ಒಳಗೇ ತೆರಿಗೆ ಇದೆ ಅಂತ ಲೆಕ್ಕ ಹಾಕಿದರೆ 61 ರೂಪಾಯಿ ಸರ್ಕಾರಕ್ಕೆ, ಉಳಿಯೋದು 339. ಎರಡು ಪರ್ಸೆಂಟ್ ಕೇಳಿದರೂ ಕೈಗೆ ಬರೋದು ಎರಡಲ್ಲ.

ಹಾಗಾಗಿಯೇ ಕೆಲವರು ಅದನ್ನು ಬಿಲ್‌ನಲ್ಲಿ ತೋರಿಸುವುದೇ ಇಲ್ಲ. ಬಿಲ್ 20,000ಕ್ಕೆ, ಮಷಿನ್‌ನಲ್ಲಿ ಒತ್ತುವುದು 20,400. ಇದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ. 2025ರ ಜುಲೈ ಯಾರೂ ಮರೆತಿಲ್ಲ. ಯುಪಿಐ ವಹಿವಾಟಿನ ಮಾಹಿತಿ ಹಿಡಿದುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಟೀ ಅಂಗಡಿಗಳಲ್ಲೂ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡ್ ಬಂದಿದ್ದವು. ಡಿಜಿಟಲ್ ಪಾವತಿಯ ದಾಖಲೆ ಇಲಾಖೆಯ ಕೈಗೆ ಸಿಗುತ್ತದೆ ಅಂತ ಅಲ್ಲೇ ಗೊತ್ತಾಗಿದೆ. ಬಿಲ್ ಒಂದು, ಮಷಿನ್ ಚೀಟಿ ಒಂದು ಅಂತಾದರೆ ಉತ್ತರ ಕೊಡಬೇಕಾದವರು ಅಂಗಡಿಯವರೇ.

ಹಾಗಾದರೆ ದಾರಿ ಯಾವುದು?

ದಾರಿ ಇದೆ, ಅದು ಉಲ್ಟಾ ದಿಕ್ಕಿನದು. ಕಾರ್ಡಿಗೆ ಹೆಚ್ಚು ಕೇಳಬೇಡಿ, ನಗದಿಗೆ ಕಡಿಮೆ ಮಾಡಿ. ಎಂಆರ್‌ಪಿಯೊಳಗೆ ಅಂಗಡಿಯವರು ಯಾವ ಬೆಲೆಗಾದರೂ ಮಾರಬಹುದು. ಮೊಬೈಲ್‌ನ ಎಂಆರ್‌ಪಿ 21,999 ಇದ್ದು, ಅಂಗಡಿ ಬೆಲೆ 20,000 ಅಂತ ಹಾಕಿ, ‘ನಗದು, ಯುಪಿಐಗೆ ಶೇ 2 ರಿಯಾಯಿತಿ’ ಅಂತ ಎಲ್ಲರಿಗೂ ಕಾಣುವ ಹಾಗೆ ಬೋರ್ಡ್ ಹಾಕಿದರೆ ನಗದು ಗಿರಾಕಿಗೆ 19,600. ಕಾರ್ಡ್ ಗಿರಾಕಿ 20,000 ಕೊಡುತ್ತಾನೆ, ಬ್ಯಾಂಕ್‌ನ 400 ಕಳೆದರೆ ಅಂಗಡಿಗೆ ಉಳಿಯೋದೂ ಹೆಚ್ಚುಕಡಿಮೆ ಅಷ್ಟೇ. ಕಮಿಷನ್ ಮೇಲಿನ 72 ರೂಪಾಯಿ ಜಿಎಸ್‌ಟಿಯನ್ನು ರೆಗ್ಯುಲರ್ ನೋಂದಣಿ ಇರುವವರು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಕಾಂಪೊಸಿಷನ್‌ನವರಿಗೆ ಆ ಭಾಗ್ಯ ಇಲ್ಲ. ಡೆಬಿಟ್ ಕಾರ್ಡಿನವರನ್ನೂ ರಿಯಾಯಿತಿಗೆ ಸೇರಿಸಿಕೊಂಡರೆ ತಕರಾರಿಗೆ ಜಾಗವೇ ಇರುವುದಿಲ್ಲ.

ರಿಯಾಯಿತಿಯನ್ನು ಬಿಲ್‌ನಲ್ಲೇ ಬರೆಯಬೇಕು. ಹಾಗೆ ಬರೆದರೆ ಕಳೆದ ಮೊತ್ತಕ್ಕೆ ಜಿಎಸ್‌ಟಿ ಕಟ್ಟುವ ಹಾಗಿಲ್ಲ. ಬಾಯಿಮಾತಿನ ರಿಯಾಯಿತಿಗೆ ಈ ಲಾಭ ಇಲ್ಲ. ಚಿನ್ನದ ಅಂಗಡಿಯವರು ಒಂದು ನೆನಪಿಡಬೇಕು, ಆಸೆಗೆ ಬಿದ್ದು ನಗದು ವ್ಯವಹಾರವನ್ನು ಎರಡು ಲಕ್ಷಕ್ಕೆ ಮುಟ್ಟಿಸುವಂತಿಲ್ಲ, ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ.

ಈಗ ಹೊಸದೊಂದು ತಲೆನೋವು ಸ್ಕ್ಯಾನರ್‌ನಲ್ಲಿ ಬಂದಿದೆ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆ್ಯಪ್‌ಗೆ ಜೋಡಿಸಿದವರು ಅದೇ ಕ್ಯೂಆರ್‌ಗೆ ಸ್ಕ್ಯಾನ್ ಮಾಡುತ್ತಾರೆ. ಸ್ಪೀಕರ್ ‘ಹಣ ಬಂದಿದೆ’ ಅನ್ನುತ್ತದೆ, ಆದರೆ ಬಂದಿದ್ದು ಕ್ರೆಡಿಟ್ ಕಾರ್ಡಿನಿಂದ. ಸಣ್ಣ ವ್ಯಾಪಾರಿಗೆ 2,000 ರೂಪಾಯಿವರೆಗೆ ಕಡಿತ ಇಲ್ಲ. ಅದು ದಾಟಿದರೆ ಕಮಿಷನ್ ಹೋಗುತ್ತದೆ. ದಿನದ ಕೊನೆಗೆ ಲೆಕ್ಕ ಕಮ್ಮಿ ಬಂತು ಅಂತ ಕೆಲಸದ ಹುಡುಗನನ್ನು ಬೈಯುವ ಮೊದಲು ಆ್ಯಪ್‌ನ ಸೆಟಲ್‌ಮೆಂಟ್ ವಿವರ ತೆರೆದು ನೋಡಬೇಕು. ಇಂಥ ಪಾವತಿ ಬೇಡ ಅನ್ನುವವರು ಕ್ಯೂಆರ್ ಕೊಟ್ಟ ಕಂಪನಿಯನ್ನೇ ಕೇಳಬೇಕು.

ಗಿರಾಕಿ ಕಡೆಗೆ ಬಂದರೆ, ದೂರು ಕೊಡುವ ಮನಸ್ಸಿದ್ದವರ ಕೈಯಲ್ಲಿ ಎರಡು ಕಾಗದ ಇರಬೇಕು: ಅಂಗಡಿಯ ಬಿಲ್ ಮತ್ತು ಮಷಿನ್‌ನಿಂದ ಬಂದ ಚೀಟಿ. ಎರಡರ ಮೊತ್ತ ಬೇರೆ ಇದ್ದರೆ ಅದೇ ಸಾಕ್ಷಿ. ಚೀಟಿಯ ಮೇಲೆ ಮಷಿನ್ ಕೊಟ್ಟ ಬ್ಯಾಂಕಿನ ಹೆಸರಿರುತ್ತದೆ, ದೂರು ಅಲ್ಲಿಗೂ ಹೋಗಬೇಕು, ಕಾರ್ಡ್ ಕೊಟ್ಟ ಬ್ಯಾಂಕಿಗೂ ಹೋಗಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಅಲ್ಲಿ ದೂರಿನ ಶುಲ್ಕ ಇಲ್ಲ, ವಕೀಲರನ್ನೇ ಇಡಬೇಕು ಅಂತಲೂ ಇಲ್ಲ. 400 ರೂಪಾಯಿಗೆ ಯಾರು ಅಲೆಯುತ್ತಾರೆ ಅನ್ನಬಹುದು. ನಿಜ, ಯಾರೂ ಅಲೆಯುವುದಿಲ್ಲ. ಕೌಂಟರ್‌ನಲ್ಲಿ ಆ ಮಾತು ಇಷ್ಟು ವರ್ಷ ಧೈರ್ಯವಾಗಿ ನಡೆದುಕೊಂಡು ಬಂದಿರುವುದೂ ಅದಕ್ಕೇ.