ಕುಂಡದ ಗಿಡ ಕಲಿಸಿದ ನೇಮ



ಮಣ್ಣಿನ ಕಾಯಕವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಹೊಲ, ತೋಟಗಳೇ. ಅಂಗಳವಿಲ್ಲದ ಪಟ್ಟಣದ ಮನೆಯಲ್ಲಿ ಅದಕ್ಕೆ ಎಡೆಯೆಲ್ಲಿ ಎಂದು ಕೇಳುವವರುಂಟು. ೨೦೨೩ರ ಜುಲೈ ತಿಂಗಳಿನಲ್ಲಿ ಟೊಮೆಟೊ ಬೆಲೆ ಹಲವು ಊರುಗಳಲ್ಲಿ ಕಿಲೋಗೆ ೧೦೦ ರೂಪಾಯಿ ದಾಟಿದಾಗ ನಾವೂ ಮಾಳಿಗೆಯ ಮೇಲೆ ನಾಲ್ಕು ಕುಂಡಗಳನ್ನಿರಿಸಿದೆವು. ಉಳಿತಾಯಕ್ಕಿಂತ ದೊಡ್ಡದೊಂದು ಪಾಠ ಅಲ್ಲಿ ನಮಗಾಗಿ ಕಾದಿತ್ತು.

ವಿಧಾನ ಸರಳವಾದುದು. ಒಂದು ಗಿಡಕ್ಕೆ ಒಂದು ಕುಂಡ. ಅದು ಅಗಲದಲ್ಲೂ ಆಳದಲ್ಲೂ ಒಂದಡಿಗೆ ಕಡಿಮೆಯಿರಬಾರದು. ತಳದಲ್ಲಿ ನೀರು ಬಸಿಯಲು ರಂಧ್ರಗಳಿರಬೇಕು. ಕೆಮ್ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿಗಳನ್ನು ಸಮಪಾಲಾಗಿ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಬೇಕು. ನಾಲ್ಕು ವಾರದ ಸಸಿಯ ಕೆಳಗಿನ ಎಲೆಗಳನ್ನು ತೆಗೆದು ಆಳವಾಗಿ ನೆಟ್ಟರೆ, ಹೂತ ಕಾಂಡದಿಂದಲೂ ಬೇರೊಡೆಯುತ್ತವೆ. ದಿನಕ್ಕೆ ಆರು ಗಂಟೆಯ ಬಿಸಿಲು, ಆಸರೆಗೊಂದು ಕೋಲು ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ತಳಿಯು ಎಲೆಮುರುಟು, ಸೊರಗು ರೋಗಗಳನ್ನು ತಾಳಿಕೊಳ್ಳಬಲ್ಲುದು.

ಕಾಯಿ ಬಲಿಯುವ ಕಾಲಕ್ಕೆ ಪ್ರವಚನದ ನಿಮಿತ್ತ ನಾವು ನಾಲ್ಕು ದಿನ ಪರಸ್ಥಳದಲ್ಲಿದ್ದೆವು. ಮರಳಿದಾಗ ಗಿಡಗಳು ಬಾಡಿ ತಲೆ ಬಾಗಿಸಿದ್ದವು. ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಕೊಡಗಟ್ಟಲೆ ನೀರೆರೆದೆವು. ಗಿಡಗಳೇನೋ ಚೇತರಿಸಿಕೊಂಡವು, ಆದರೆ ಕೆಲವು ದಿನಗಳಲ್ಲಿ ಕಾಯಿಗಳ ತಳ ಕಪ್ಪಾಗಿ ಚರ್ಮದಂತೆ ಒಣಗತೊಡಗಿತು. ರೋಗವೆಂದು ಬಗೆದು ಔಷಧ ಸಿಂಪಡಿಸಿದೆವು, ಫಲವಾಗಲಿಲ್ಲ.

ಅದು ರೋಗಾಣುವಿನ ಬಾಧೆಯಲ್ಲ. ಕಾಯಿಯ ತುದಿಗೆ ಸುಣ್ಣದ ಸತ್ವ ತಲುಪದ ಕೊರತೆ. ಮೊಟ್ಟೆಯ ಚಿಪ್ಪು ಹಾಕಿರೆಂದು ಹಲವರು ಹೇಳುವರು. ನಮ್ಮ ಮನೆಗಳಿಗೆ ಅದು ಸಲ್ಲದು, ಅದರ ಅಗತ್ಯವೂ ಇಲ್ಲ. ಆ ಸತ್ವ ಸಾಮಾನ್ಯವಾಗಿ ಮಣ್ಣಿನಲ್ಲಿಯೇ ಇರುತ್ತದೆ. ಅದನ್ನು ಕಾಯಿಯವರೆಗೆ ಹೊತ್ತೊಯ್ಯುವುದು ನೀರು. ಒಂದು ದಿನ ಬತ್ತಿ ಮತ್ತೊಂದು ದಿನ ಉಕ್ಕಿದರೆ ಆ ಸಾಗಾಟ ಕಡಿಯುತ್ತದೆ. ಆದುದರಿಂದ ನಿತ್ಯ ಬೆಳಿಗ್ಗೆ ಲಿಂಗಪೂಜೆಯ ಬಳಿಕ ಮಣ್ಣಿನಲ್ಲಿ ಒಂದಂಗುಲ ಬೆರಳಿಳಿಸಿ ನೋಡಿ, ಒಣಗಿದ್ದರೆ ತಳದಿಂದ ಜಿನುಗುವವರೆಗೆ ಬುಡಕ್ಕೆ ನೀರೆರೆಯಬೇಕು. ಮೇಲೆ ಒಣ ಎಲೆಗಳನ್ನು ಹೊದಿಸಿದರೆ ತೇವ ಉಳಿಯುತ್ತದೆ. ಕೆಟ್ಟ ಕಾಯಿ ಮತ್ತೆ ಸರಿಹೋಗದು. ಮುಂದಿನ ಕಾಯಿಗಳನ್ನು ಉಳಿಸಿಕೊಳ್ಳಬಹುದು.

ನೆಲದ ಗಿಡದ ಬೇರು ತಂಪನ್ನರಸಿ ಆಳಕ್ಕಿಳಿಯಬಲ್ಲದು. ಕುಂಡದ ಗಿಡಕ್ಕೆ ನಮ್ಮ ಕೈಯೇ ಗತಿ. ಮನೆಯಲ್ಲಿರುವ ವೃದ್ಧರ ಬಾಳೂ ಹೀಗೆಯೇ ಅಲ್ಲವೇ? ಮಠದ ವಿದ್ಯೆ, ಊರೂರಿನ ಪ್ರವಚನ ಎಂಬ ನೆಪದಲ್ಲಿ ನಾವು ನಮ್ಮ ತಾಯಿಯವರನ್ನು ತಿಂಗಳುಗಟ್ಟಲೆ ಕಾಣದೆ, ಹಬ್ಬಕ್ಕೊಮ್ಮೆ ಸೀರೆ, ಹಣ್ಣು ಹೊತ್ತು ಹೋಗಿ ಋಣ ತೀರಿತೆಂದು ಬಗೆದೆವು. ಅವರು ಲಿಂಗೈಕ್ಯರಾಗಿ ವರ್ಷಗಳಾದವು. ಅವರಿಗೆ ಬೇಕಾಗಿದ್ದುದು ಕೊಡಗಟ್ಟಲೆ ನೀರಲ್ಲ, ದಿನಕ್ಕೊಂದು ತಂಬಿಗೆ ಎಂಬುದು ಕುಂಡದ ಮುಂದೆ ಕುಳಿತಾಗ ನಮಗೆ ಹೊಳೆಯಿತು.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇಂದೇ ಅವರೊಡನೆ ಎರಡು ಗಳಿಗೆ ಕುಳಿತುಕೊಳ್ಳಿರಿ, ನಾಳೆಯೂ ಕುಳಿತುಕೊಳ್ಳಿರಿ. ನೇಮವೆಂದರೆ ಅದೇ.