ಬಸುರಿಯ ಮೈ ಸುಟ್ಟಾಗ ಚಿಕಿತ್ಸೆಗೆ ಹಿಂಜರಿಯಬೇಡಿ

ಮನೆಯಲ್ಲಿ ಬಸುರಿ ಹೆಣ್ಣುಮಗಳು ಇರುವವರೆಲ್ಲ ಇದನ್ನು ಓದಿ, ಅಕ್ಕಪಕ್ಕದವರಿಗೂ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಕುದಿಯುವ ಸಾರು ಚೆಲ್ಲಿದರೆ, ಸೆರಗಿಗೆ ಒಲೆಯ ಉರಿ ತಗುಲಿದರೆ ನಮ್ಮ ಕೈ ಮೊದಲು ಹೋಗುವುದು ಟೂತ್‌ಪೇಸ್ಟಿಗೆ, ಇಂಕಿಗೆ, ಬೆಣ್ಣೆಗೆ. ಯಾವುದೂ ಬೇಡ. ಬೆಂಕಿ ಆರಿಸಿ, ಗಾಯದ ಮೇಲೆ 20 ನಿಮಿಷ ನಲ್ಲಿ ನೀರು ಹರಿಯಬಿಡಿ. ಐಸ್ ಇಡಬೇಡಿ. ಅಂಟಿಕೊಂಡ ಬಟ್ಟೆ ಕೀಳಬೇಡಿ.

ಕೈ ಸುಟ್ಟಿದ್ದರೆ ಬಳೆ ತೆಗೆಯಲೇಬೇಕು. ಸೀಮಂತದಲ್ಲಿ ತೊಡಿಸಿದ ಹಸಿರು ಬಳೆ, ಬಸುರಿಯ ಕೈ ಬರಿದು ಮಾಡಬಾರದು ಎಂದು ಹಿರಿಯರು ತಡೆಯುತ್ತಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ನೋಡನೋಡುತ್ತಲೇ ಮುಂಗೈ ಊದಿಕೊಂಡು, ಬಳೆ ಉಂಗುರಗಳು ಚರ್ಮಕ್ಕೆ ಕಚ್ಚಿ, ರಕ್ತ ಓಡಾಡುವುದೇ ಕಷ್ಟವಾಗುತ್ತದೆ. ಬಾಣಂತಿಯಾದ ಮೇಲೆ ಕೈ ತುಂಬ ತೊಡಿಸಿ.

108ಕ್ಕೆ ಫೋನ್ ಮಾಡಿದಾಗ ಎಷ್ಟು ತಿಂಗಳು ಎಂದೂ ಹೇಳಿ. ಐದು ತಿಂಗಳು ದಾಟಿದ್ದರೆ ಎಡಮಗ್ಗುಲಿಗೆ ಮಲಗಿಸಿ; ಅಂಗಾತ ಮಲಗಿದರೆ ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಅದುಮುತ್ತದೆ. ಹೊಗೆ ಕುಡಿದಿದ್ದರೆ ಗಾಯ ಸಣ್ಣದಾದರೂ ಆಸ್ಪತ್ರೆಗೆ ಹೋಗಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ತಾಯಿಗಿಂತ ಮಗುವಿನ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ.

“ಇಂಜೆಕ್ಷನ್ ಕೊಟ್ಟರೆ ಮಗುವಿಗೆ ಏನಾದೀತೋ” ಎಂಬ ಅಂಜಿಕೆಯೇ ಬಹಳ ಅಪಾಯದ್ದು. ಮೈ ಹೆಚ್ಚು ಸುಟ್ಟಾಗ ರಕ್ತದ ನೀರಿನಂಶ ಸೋರಿ, ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಬೆನ್ನಿಗೇ ಗಾಯಕ್ಕೆ ನಂಜು ಏರಬಹುದು. ಗರ್ಭ ಇಳಿಯುವ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ ಮೊದಲ ವಾರದಲ್ಲೇ ಹೆಚ್ಚು. ಡ್ರಿಪ್, ಆಕ್ಸಿಜನ್, ಧನುರ್ವಾಯು ಇಂಜೆಕ್ಷನ್ ಬಸುರಿಗೂ ಕೊಡುವಂಥವೇ. ಹೆದರಬೇಕಾದದ್ದು ಅಂಗಡಿಯಿಂದ ನಾವೇ ತಂದು ನುಂಗಿಸುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳಿಗೆ. ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನೂ ದಿನ ತುಂಬಿದವರಿಗೆ ವೈದ್ಯರನ್ನು ಕೇಳದೆ ಬಳಸಬೇಡಿ, ಹುಟ್ಟುವ ಮಗುವಿನ ಕಾಮಾಲೆ ತೀವ್ರವಾಗಬಹುದು.

ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಕ್ಕೇ ಪ್ರತ್ಯೇಕ ವಾರ್ಡ್ ಇದೆ, ಪಕ್ಕದಲ್ಲೇ ವಾಣಿ ವಿಲಾಸ ಹೆರಿಗೆ ಆಸ್ಪತ್ರೆ. ದೂರದೂರಿನವರು ಮೊದಲು ಜಿಲ್ಲಾ ಆಸ್ಪತ್ರೆ ಸೇರಲಿ. ಎಲ್ಲಿಗೇ ಹೋದರೂ ಮಗುವಿನ ಎದೆಬಡಿತ ನೋಡಿದಿರಾ ಎಂದು ಕೇಳಲು ಸಂಕೋಚಪಡಬೇಡಿ.

ಇನ್ನೊಂದು ಮಾತು. ಸುಟ್ಟದ್ದೆಲ್ಲ ಸ್ಟೌವ್ ಸಿಡಿದೇ ಅಲ್ಲ. ಅನುಮಾನ ಬಂದರೆ, ಮನೆಯವರು ಯಾರೂ ಇಲ್ಲದ ಕಡೆ ಅವಳೊಬ್ಬಳೇ ವೈದ್ಯರೊಡನೆ ಮಾತಾಡುವಂತೆ ನೋಡಿಕೊಳ್ಳಿ. ಮಹಿಳಾ ಸಹಾಯವಾಣಿ 181. ಈ ನಂಬರನ್ನೂ 108ರ ಜೊತೆಗೆ ಈಗಲೇ ಮೊಬೈಲಿನಲ್ಲಿ ಸೇವ್ ಮಾಡಿಕೊಳ್ಳಿ.